ಹೊಂಗೆ ಎಣ್ಣೆ ಹೊತ್ತು ಆಸ್ಟ್ರಿಯಾಕ್ಕೆ

ವಿಯೆನ್ನಾ

ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸು ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಬಂತು. ಸಾಮಾನು ಸುತ್ತಿ ಬರುವ ಬೆಲ್ಟಿನ ಬಳಿ ನಿಂತಿದ್ದವರು ಒಬ್ಬರಾದ ಮೇಲೊಬ್ಬರು ಮೂಗು ಮುಚ್ಚಿಕೊಂಡರು. ಒಬ್ಬಾಕೆ ಕಂಕುಳಲ್ಲಿದ್ದ ಕೂಸಿನ ಹಿಂಭಾಗವನ್ನು ಅನುಮಾನದಿಂದ ಮೂಸಿ ನೋಡಿದಳು. ಅದು ಹೊಂಗೆ ಎಣ್ಣೆ ಎಂದು ಅಷ್ಟು ಜನರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನು ತಂದಿದ್ದ ಎರಡು ಅಲ್ಯೂಮಿನಿಯಂ ಕ್ಯಾನುಗಳಲ್ಲಿ ಒಂದರ ಮುಚ್ಚಳ ದಾರಿಯಲ್ಲೆಲ್ಲೋ ಸಡಿಲವಾಗಿ, ಅರ್ಧ ಎಣ್ಣೆಯನ್ನು ನನ್ನ ಆರು ಸೀರೆಗಳು ಕುಡಿದುಬಿಟ್ಟಿದ್ದವು.

ಎಣ್ಣೆ ಹೊತ್ತು ಅಷ್ಟು ದೂರ ಯಾಕೆ ಹೋದೆ ಎನ್ನುವುದನ್ನು ಹೇಳಬೇಕು. ನಾನು ಬಸವನಗುಡಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದವಳು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಡೀಸೆಲ್ ಬದಲು ಬೀಜದ ಎಣ್ಣೆಯಲ್ಲಿ ಎಂಜಿನ್ ಓಡಿಸುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ. ನಾನೂ ವಿದ್ಯಾರ್ಥಿನಿಯರನ್ನು ಕಟ್ಟಿಕೊಂಡು ಕಾಲೇಜಿನ ಲ್ಯಾಬಿನಲ್ಲಿ ಹೊಂಗೆ ಎಣ್ಣೆಯ ಮೇಲೆ ಏನೇನೋ ಪ್ರಯೋಗ ಮಾಡುತ್ತಿದ್ದೆ. ಇದನ್ನು ಕೇಳಿಸಿಕೊಂಡ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯವರು ನನ್ನನ್ನು ಹುಡುಕಿಕೊಂಡು ಬಂದರು. ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಪಂಪನ್ನು ಊರಿನದೇ ಎಣ್ಣೆಯಲ್ಲಿ ಓಡಿಸಬೇಕು, ಅದಕ್ಕೆ ಊರ ಬಂಜರಿನಲ್ಲಿ ಗಿಡ ನೆಡಬೇಕು ಎನ್ನುವುದು ಅವರ ಯೋಜನೆ. "ಯಾವ್ ಗಿಡ ಅಂತ ಒಂದೇ ಒಂದು ಹೆಸರು ಹೇಳ್ಬಿಡಿ ಮೇಡಂ, ಸಾಕು" ಎಂದರು. ನನ್ನ ಉತ್ತರ ಸಿದ್ಧವಿತ್ತು, ಹೊಂಗೆ. ವರದಿಗೆ ಸಹಿ ಹಾಕುವ ಮೊದಲು, ತನ್ನ ಹೊಲದ ಎಣ್ಣೆಯಲ್ಲೇ ಟ್ರ್ಯಾಕ್ಟರ್ ಓಡಿಸುವ ಆಸ್ಟ್ರಿಯಾದ ಒಬ್ಬ ರೈತ ಮಹಿಳೆಯ ಮನೆಯಲ್ಲಿ ಹತ್ತು ದಿನ ಇದ್ದು ನೋಡಿ ಬರಲಿ ಎಂದು ಅವರೇ ಏರ್ಪಾಡು ಮಾಡಿದರು.

ಪ್ರಯೋಗಕ್ಕೆ ಬೇಕಾದ ಎಣ್ಣೆ ಹಿಂಡಿಕೊಡುತ್ತಿದ್ದವರು ಚಾಮರಾಜಪೇಟೆಯ ರಂಗಪ್ಪ. ಅವರದು ಗಲ್ಲಿಯೊಳಗಿನ ಚಿಕ್ಕ ಎಣ್ಣೆ ಮಿಲ್ಲು. ಒಂದು ಬೊಗಸೆ ಬೀಜ ಮೂಸಿ, ಯಾವ ತಿಂಗಳಲ್ಲಿ ಆಯ್ದದ್ದು ಎಂದು ಹೇಳಬಲ್ಲ ಮನುಷ್ಯ. ಹೊರಡುವ ಮುನ್ನ ಅವರ ಮಿಲ್ಲಿಗೆ ಹೋದಾಗ ಹೊಂಗೆಯ ಕ್ಯಾನಿನ ಪಕ್ಕದಲ್ಲಿ ಹಿಪ್ಪೆ ಎಣ್ಣೆಯನ್ನೂ ಇಟ್ಟಿದ್ದರು.

"ಬರೀ ಹೊಂಗೆ ಯಾಕ್ ಒಯ್ತೀರಾ ಮೇಡಂ? ಹಿಪ್ಪೇನೂ ತಗೊಂಡ್ಹೋಗಿ, ಅವ್ರೂ ನೋಡ್ಲಿ. ಆದ್ರೆ ಹುಷಾರು, ಚಳಿಗೆ ಗಟ್ಟಿ ಆಗ್ಬಿಡತ್ತೆ."

"ಹೊಂಗೆ ಜೊತೆ ಬೆರೆಸ್ಬಿಡ್ತೀನಿ ರಂಗಪ್ಪನೋರೆ. ಲ್ಯಾಬಲ್ಲಿ ಮೂರು ವಾರದಿಂದ ಹಾಗೇ ಬೆರೆಸಿಟ್ಟಿದೀನಿ. ನೀರ್ ತರ ಇದೆ, ನೋಡ್ಬನ್ನಿ ಬೇಕಾದ್ರೆ."

ಅವರು ಏನೋ ಹೇಳಹೊರಟವರು, ಓದಿದವರ ಮುಂದೆ ಯಾಕೆ ಎಂದೋ ಏನೋ, ಎಣ್ಣೆಯನ್ನು ನನ್ನ ಕಡೆಗೆ ಸರಿಸಿದರು.

ಹಾಗೆ ಹೊರಟವಳು ಈಗ ಎಣ್ಣೆ ಸೋರುವ ಸೂಟ್‌ಕೇಸನ್ನು ಮೈಯಿಂದ ದೂರ ಹಿಡಿದು ಹೊರಗೆ ಬಂದೆ. ನನ್ನ ಹೆಸರು ಬರೆದ ರಟ್ಟು ಹಿಡಿದು, ಬಾಗಿಲಷ್ಟು ಎತ್ತರದ ಹೆಂಗಸೊಬ್ಬರು ನಿಂತಿದ್ದರು. ವಯಸ್ಸು ಹೆಚ್ಚುಕಡಿಮೆ ನನ್ನದೇ, ಕೆಂಪು ಕೆನ್ನೆ, ಕತ್ತರಿಸಿದ ನರೆಗೂದಲು. ಹರ್ಮೀನಾ ಎಂದರೆ ಅವರೇ. ನಾನು ಕ್ಷಮೆ ಕೇಳಲು ಇಂಗ್ಲಿಷ್ ಪದ ಹುಡುಕುತ್ತಿರುವಾಗಲೇ ಅವರು ಬಗ್ಗಿ ಸೂಟ್‌ಕೇಸಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದರು.

"ಕಹಿ. ತುಂಬಾ ಕಹಿ. ಹುಳ ಮುಟ್ಟುವುದಿಲ್ಲ, ಅಲ್ಲವಾ?"

ಹೊಂಗೆಯನ್ನು ಹುಟ್ಟಿದಂದಿನಿಂದ ಕಾಣದ ಒಬ್ಬರು ಅದರ ಗುಣವನ್ನು ಒಂದೇ ಉಸಿರಿಗೆ ಹೇಳಿದರು. ನನಗೆ ಅವರು ಆಗಲೇ ಇಷ್ಟವಾಗಿಬಿಟ್ಟರು.

ಹರ್ಮೀನಾ ಮನೆ

ಅವರ ಊರು ಡ್ಯಾನ್ಯೂಬ್ ನದಿಯ ಉತ್ತರಕ್ಕಿರುವ ಗುಡ್ಡಗಾಡಿನಲ್ಲಿತ್ತು. ಜೂನ್ ತಿಂಗಳು. ನಮ್ಮಲ್ಲಿ ಫ್ಯಾನ್ ಹಾಕಿಕೊಂಡು ಮಲಗುವ ಹೊತ್ತಿನಲ್ಲಿ ಅಲ್ಲಿ ಬೆಳಗಿನ ಗಾಳಿ ಹಲ್ಲು ಕಡಿಸುತ್ತಿತ್ತು. ಹರ್ಮೀನಾ ಹುಡುಗಿಯಾಗಿದ್ದಾಗ ಒಂದು ವರ್ಷ ಐರ್ಲೆಂಡಿನಲ್ಲಿ ಮನೆಗೆಲಸಕ್ಕಿದ್ದು ಇಂಗ್ಲಿಷ್ ಕಲಿತಿದ್ದರು. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಜೊತೆ ಸೇರಿ ಚೆನ್ನಾಗಿಯೇ ನಡೆದವು. ಮನೆಯಲ್ಲಿದ್ದ ಇನ್ನೊಬ್ಬರು ಅವರ ತಂದೆ, ಎಂಬತ್ತು ದಾಟಿದ ಯೋಹಾನ್. ಅವರಿಗೆ ಜರ್ಮನ್ ಬಿಟ್ಟರೆ ಬೇರೆ ಭಾಷೆ ಬಾರದು. ಅದನ್ನೂ ಅವರು ಬಹಳ ಮಿತವಾಗಿ ಬಳಸುತ್ತಿದ್ದರು.

ಮೊದಲ ದಿನವೇ ನನ್ನ ಸೀರೆಗಳು ದೊಡ್ಡ ಹಂಡೆಗೆ ಹೋದವು. ಎರಡು ಸಲ ಕುದಿಸಿ ಒಗೆದರೂ ವಾಸನೆ ಹೋಗಲಿಲ್ಲ. ಮನೆಯ ನಾಯಿ ತಂತಿಯ ಮೇಲೆ ಒಣಗುತ್ತಿದ್ದ ಸೀರೆಗಳನ್ನು ಬಳಸಿಕೊಂಡು ಹೋಗುತ್ತಿತ್ತು. ಹೀಗಾಗಿ ನಲವತ್ತೇಳನೆಯ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಬಾರಿಗೆ, ಬಸವನಗುಡಿಯ ಅಧ್ಯಾಪಕಿ ಪ್ಯಾಂಟು ಹಾಕಿದಳು. ಹರ್ಮೀನಾ ಅವರದು. ಕಾಲಿನ ಕಡೆ ನಾಲ್ಕು ಮಡಿಕೆ ಮಡಿಸಿ, ಸೊಂಟಕ್ಕೆ ಹಗ್ಗದಂಥ ಬೆಲ್ಟು ಬಿಗಿದು ಅಡುಗೆಮನೆಗೆ ಬಂದಾಗ ಯೋಹಾನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಪದ ಹೇಳಿದರು. ಏನೆಂದು ಕೇಳಿದೆ. "ರೈತ ಅಂದರು" ಎಂದು ಹರ್ಮೀನಾ ನಕ್ಕರು.

ಆ ಜನರ ರೀತಿಯೇ ಬೇರೆ. ದಾರಿಯಲ್ಲಿ ಎದುರಾದ ಅಪರಿಚಿತರಿಗೆಲ್ಲ ದೇವರ ಹೆಸರಿನಲ್ಲಿ ನಮಸ್ಕಾರ ಹೇಳುತ್ತಾರೆ. ಮನೆ ಹೊಕ್ಕವರಿಗೆ ಹೊರಗಿನ ಬೂಟು ಬಿಡಿಸಿ ಒಳಗಿನ ಚಪ್ಪಲಿ ಕೊಡುತ್ತಾರೆ. ನಮ್ಮಲ್ಲಿ ಚಪ್ಪಲಿ ಬಿಡುವುದರಲ್ಲೇ ಮರ್ಯಾದೆ ಮುಗಿಯುತ್ತದೆ, ಅಲ್ಲಿ ಇನ್ನೊಂದು ಜೊತೆ ಹಾಕಿಕೊಂಡ ಮೇಲೆ ಶುರುವಾಗುತ್ತದೆ. ಊಟಕ್ಕೆ ಕೂತರೆ ಮಾತಿಲ್ಲ. ಗಾಂಧಿ ಬಜಾರಿನ ಹೋಟೆಲಿನಲ್ಲಿ ಪಕ್ಕದ ಮೇಜಿನವರ ಮನೆಯ ಮದುವೆ ಮಾತುಕತೆಯವರೆಗೆ ಎಲ್ಲ ಕೇಳಿಸಿಕೊಂಡು ಕಾಫಿ ಕುಡಿದವಳಿಗೆ ಮೊದಲೆರಡು ದಿನ ಇವರು ನನ್ನ ಮೇಲೆ ಸಿಟ್ಟಾಗಿದ್ದಾರೋ ಎನ್ನಿಸಿತ್ತು. ಆಮೇಲೆ ಗೊತ್ತಾಯಿತು, ಅವರು ಊಟ ಮಾಡುತ್ತಿದ್ದರು, ಅಷ್ಟೇ. ನಾನು ಸಸ್ಯಾಹಾರಿ ಎಂದು ತಿಳಿದು, ಬೇಯಿಸಿದ ಆಲೂಗಡ್ಡೆ, ಹಿಂಡಿದ ಮೊಸರು, ಅದರ ಮೇಲೆ ಹಸಿ ಅಗಸೆ ಎಣ್ಣೆ ಸುರಿದು ಕೊಟ್ಟರು. ಮೊದಲ ತುತ್ತಿಗೇ ಅಗಸೆ ಚಟ್ನಿಪುಡಿ ನೆನಪಾಯಿತು. ಎರಡು ಸಲ ಬಡಿಸಿಕೊಂಡೆ.

ಹೊಲ

ಹರ್ಮೀನಾ ಮೊದಲು ತೋರಿಸಿದ್ದು ತಮ್ಮ ಸೋಲನ್ನು. ಮನೆಯ ಹಿಂದಿನ ದಿಬ್ಬದ ಮೇಲೆ ನಿಲ್ಲಿಸಿ, ಸುತ್ತಲಿನ ಹೊಲಗಳನ್ನೆಲ್ಲ ಕೈಯಿಂದ ಗೀಟೆಳೆದಂತೆ ತೋರಿಸಿ ಹೇಳಿದರು:

"ಇದು ಎಲ್ಲ ಹಳದಿ ಇತ್ತು. ರೇಪ್‌ಸೀಡ್. ನನ್ನದು, ಇವರದು, ಅವರದು. ಎಣ್ಣೆ ಬೇಕು ಎಂದು ಎಲ್ಲರೂ ಅದೊಂದನ್ನೇ ಹಾಕಿದೆವು. ಊರು ಸೇರಿ ಗಾಣ ಕಟ್ಟಿದೆವು. ನಾನೇ ಎಲ್ಲರಿಗೂ ಹೇಳಿದ್ದು, ಹಾಕಿ ಹಾಕಿ ಎಂದು. ಆಮೇಲೆ ಜೀರುಂಡೆ ಬಂತು."

ರೇಪ್‌ಸೀಡ್ ಎಂದರೆ ನಮ್ಮ ಸಾಸಿವೆಯ ಹತ್ತಿರದ ನೆಂಟ. ಕಪ್ಪು ಸಾಸಿವೆ ಕಾಳಿನಷ್ಟೇ ಇರುವ ಜೀರುಂಡೆಗಳು ಮೊಗ್ಗನ್ನೇ ಕೊರೆದುಬಿಟ್ಟವಂತೆ. ಒಂದೇ ಬೆಳೆ ಊರಿಡೀ ಹರಡಿತ್ತು, ಅವಕ್ಕೆ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗಲು ಹಾರುವ ಶ್ರಮವೂ ಇರಲಿಲ್ಲ. ಎರಡು ಬೇಸಿಗೆ ಗಾಣ ಬಾಗಿಲು ಹಾಕಿತ್ತು. ಅಂಗಡಿಯಲ್ಲಿ, ಚರ್ಚಿನಲ್ಲಿ ಜನ ಹರ್ಮೀನಾರನ್ನು ಕಂಡು ಮುಖ ತಿರುಗಿಸುತ್ತಿದ್ದರಂತೆ.

ಮೂರನೆಯ ವರ್ಷ ಅವರು ತಮ್ಮ ಹೊಲವನ್ನು ತುಂಡು ಮಾಡಿದರು. ಒಂದು ಕಡೆ ಅಗಸೆ, ಒಂದು ಕಡೆ ಸೂರ್ಯಕಾಂತಿ, ಇಳಿಜಾರಿನಲ್ಲಿ ಗಸಗಸೆ, ಒಂದಿಷ್ಟು ರೇಪ್‌ಸೀಡ್. ಇನ್ನೊಂದು ಕಡೆ ಕ್ಯಾಮೆಲಿನಾ ಎಂಬ, ನಾನು ಪುಸ್ತಕದಲ್ಲಿ ಮಾತ್ರ ಓದಿದ್ದ, ಸಣಕಲು ಗಿಡ. ಕ್ಯಾಮೆಲಿನಾವನ್ನು ಬಟಾಣಿಯ ಜೊತೆ ಒಂದೇ ಹೊಲದಲ್ಲಿ ಬೆರೆಸಿ ಬಿತ್ತಿದ್ದರು. ಬಟಾಣಿ ಬಳ್ಳಿ ಅದರ ಕಡ್ಡಿ ಹಿಡಿದು ನೆಟ್ಟಗೆ ನಿಂತಿತ್ತು, ಕ್ಯಾಮೆಲಿನಾದ ಎಲೆ ನೆಲ ಮುಚ್ಚಿ ಕಳೆಯನ್ನು ತಡೆದಿತ್ತು. ಊಟಕ್ಕೆ ಬಟಾಣಿ, ಟ್ರ್ಯಾಕ್ಟರಿಗೆ ಎಣ್ಣೆ, ಎರಡೂ ಒಂದೇ ನೆಲದಿಂದ. ಒಂದು ಬೆಳೆ ಕೈಕೊಟ್ಟರೂ ಗಾಣ ನಿಲ್ಲುವುದಿಲ್ಲ. ಪಕ್ಕದ ಹೊಲದವರು ಮೊದಲ ವರ್ಷ ಬೇಲಿಯ ಬಳಿ ನಿಂತು, ಬಿತ್ತನೆಯ ಚೀಲ ಅದಲುಬದಲಾಯಿತೇ ಎಂದು ಕೇಳಿ ನಕ್ಕಿದ್ದರಂತೆ. ಈಗ ಅವರ ಹೊಲದಲ್ಲೂ ಅಗಸೆಯ ನೀಲಿ ಹೂವಿತ್ತು.

ನೀಲಿ, ತಿಳಿ ಹಳದಿ, ಆಗಷ್ಟೇ ಬಿರಿಯುತ್ತಿದ್ದ ಗಸಗಸೆಯ ಮಾಸಲು ನೇರಳೆ. ನೋಡುತ್ತಾ ನಿಂತವಳಿಗೆ ಏಳೆಂಟು ವರ್ಷದವಳಿದ್ದಾಗ ಮಾಗಡಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಂಡಿದ್ದ ರಾಗಿ ಹೊಲಗಳು ಕಣ್ಮುಂದೆ ಬಂದವು. ಕೆಲವು ಸಾಲು ರಾಗಿ, ಆಮೇಲೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ಹುಚ್ಚೆಳ್ಳು, ಹರಳು ಎಲ್ಲ ಕೂಡಿ. ಹಸಿರಿನ ನಡುವೆ ಹುಚ್ಚೆಳ್ಳಿನ ಹಳದಿ ಗೆರೆ. ಅದನ್ನು ಹರ್ಮೀನಾಗೆ ವಿವರಿಸಲು ಮಣ್ಣಿನಲ್ಲಿ ಕಡ್ಡಿಯಿಂದ ಸಾಲು ಗೀಚಿದೆ.

ಅವರು ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. "ಇದು ನಿಮಗೆ ಮೊದಲೇ ಗೊತ್ತಿತ್ತು. ಹಾಗಾದರೆ ಒಂದೇ ಗಿಡದ ಹೆಸರು ಬರೆಯಲು ಯಾಕೆ ಬಂದಿರಿ?"

"ಕೇಳಿದವರು ಒಂದೇ ಕೇಳಿದರು" ಎಂದೆ. ಹೇಳುವಾಗಲೇ ಉತ್ತರ ಸಪ್ಪೆ ಎನ್ನಿಸಿತು.

ಹುಲ್ಲಿನ ದಿನ

ಐದನೆಯ ದಿನ ಒಣಗಿದ ಹುಲ್ಲು ಕೊಟ್ಟಿಗೆಗೆ ತರುವುದಿತ್ತು. ಕೊಯ್ದು ಮೂರು ದಿನ ಬಿಸಿಲಿಗೆ ಹರಡಿದ್ದ ಹುಲ್ಲು. ದನಗಳಿಗೆ ಚಳಿಗಾಲವಿಡೀ ಅದೇ ಮೇವು. ಮಧ್ಯಾಹ್ನದ ಮೇಲೆ ಮಳೆ ಎಂದು ರೇಡಿಯೋ ಹೇಳಿತ್ತು.

ಹಿಂದಿನ ಸಂಜೆ ನಾನೇ ಹಟ ಹಿಡಿದೆ, ನಾಳೆ ಟ್ರ್ಯಾಕ್ಟರ್ ನನ್ನ ಎಣ್ಣೆಯಲ್ಲಿ ಓಡಲಿ ಎಂದು. ಬರೀ ಹೊಂಗೆಯ ಕ್ಯಾನು ಸೋರಿ ಅರ್ಧವಾಗಿತ್ತು. ಹೊಂಗೆ ಹಿಪ್ಪೆ ಬೆರೆಸಿದ ಕ್ಯಾನು ತುಂಬಿತ್ತು. ಅಡುಗೆಮನೆಯ ಒಲೆಯ ಪಕ್ಕದಲ್ಲಿಟ್ಟಿದ್ದರಿಂದ ಜೇನಿನಂತೆ ತಿಳಿಯಾಗಿ ಹೊಳೆಯುತ್ತಿತ್ತು.

"ಇಲ್ಲಿ ಬೆಳಿಗ್ಗೆ ಚಳಿ" ಎಂದರು ಹರ್ಮೀನಾ.

"ಪರೀಕ್ಷೆ ಮಾಡಿದ್ದೇನೆ" ಎಂದೆ.

ನಾನು ಪರೀಕ್ಷೆ ಮಾಡಿದ್ದು ಬಸವನಗುಡಿಯ ಮೇ ತಿಂಗಳಿನಲ್ಲಿ, ತಗಡಿನ ಸೂರಿನ ಲ್ಯಾಬಿನಲ್ಲಿ. ಅಲ್ಲಿ ಬೆಣ್ಣೆ ಇಟ್ಟಿದ್ದರೂ ನೀರಾಗುತ್ತಿತ್ತು. ಇದು ನನಗೆ ಆ ಕ್ಷಣ ಹೊಳೆಯಲಿಲ್ಲ. ಹೊಳೆಯಲು ಬಿಡಲಿಲ್ಲ ಎಂದರೂ ಸರಿಯೇ. ಹರ್ಮೀನಾ ನನ್ನ ಮಾತು ನಂಬಿ, ಡೀಸೆಲ್ ಟ್ಯಾಂಕಿನ ಪಕ್ಕ ಎಣ್ಣೆಗೆಂದೇ ಇದ್ದ ಇನ್ನೊಂದು ಟ್ಯಾಂಕು ತುಂಬಿಸಿದರು.

ಬೆಳಿಗ್ಗೆ ಟ್ರ್ಯಾಕ್ಟರ್ ಎಂದಿನಂತೆ ಮೊದಲು ಡೀಸೆಲಿನಲ್ಲಿ ಶುರುವಾಯಿತು. ಎಂಜಿನ್ ಬಿಸಿಯಾದ ಮೇಲೆ ಹರ್ಮೀನಾ ಗುಂಡಿ ತಿರುಗಿಸಿ ನಮ್ಮ ಎಣ್ಣೆಗೆ ಬದಲಿಸಿದರು. ಹೊಗೆಯಲ್ಲಿ ಹೊಂಗೆಯ ಗಮಲು. ನನ್ನ ಎದೆ ಉಬ್ಬಿತು. ಇಳಿಜಾರನ್ನು ಅರ್ಧ ಏರಿರಲಿಲ್ಲ, ಎಂಜಿನ್ ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ ನಿಂತಿತು. ಖಾಲಿ ಗಾಡಿಯೂ ಹಿಂದೆ ಹಾಗೇ ನಿಂತಿತು. ಹರ್ಮೀನಾ ಇಳಿದು ಫಿಲ್ಟರ್ ಬಿಚ್ಚಿದರು. ಒಳಗೆ ಬಿಳಿ ಮೇಣದಂಥ ಗಟ್ಟಿ. ಟ್ಯಾಂಕಿನೊಳಗೂ ಅದೇ. ರಾತ್ರಿಯ ಚಳಿಗೆ ಹಿಪ್ಪೆ ಹೆಪ್ಪುಗಟ್ಟಿ ಕೊಳವೆಯಿಡೀ ಕಚ್ಚಿಕೊಂಡಿತ್ತು.

ಪಶ್ಚಿಮದಲ್ಲಿ ಮೋಡ ಏಳುತ್ತಿತ್ತು. ನನಗೆ ನಿಂತ ನೆಲ ಬಾಯ್ಬಿಡಬಾರದೇ ಎನ್ನಿಸಿತು. "ನನ್ನ ತಪ್ಪು. ನನಗೆ ಹೇಳಿದ್ದರು, ನಾನು ಕೇಳಲಿಲ್ಲ" ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿದೆ. ಹರ್ಮೀನಾ ಆಕಾಶ ನೋಡಿದರು, ಹುಲ್ಲು ನೋಡಿದರು. "ತಪ್ಪು ಸಂಜೆಗೆ. ಈಗ ಹುಲ್ಲು" ಎಂದು ನನ್ನ ಕೈಗೆ ಹುಲ್ಲು ಎಳೆಯುವ ಉದ್ದ ಹಿಡಿಯ ಕುಂಟೆಯೊಂದನ್ನು ಕೊಟ್ಟರು.

ನಿಂತ ಟ್ರ್ಯಾಕ್ಟರನ್ನು ಕಂಡು ಪಕ್ಕದ ಹೊಲದವರು ಕರೆಯದೆಯೇ ಬಂದರು. ಅಂದು ಬೇಲಿಯ ಬಳಿ ನಿಂತು ನಕ್ಕವರೇ ತಮ್ಮ ಟ್ರ್ಯಾಕ್ಟರ್ ತಂದರು, ಮನೆಮಂದಿಯೆಲ್ಲ ಕುಂಟೆ ಹಿಡಿದು ಇಳಿದರು. ಏನಾಯಿತು, ಯಾರಿಂದಾಯಿತು ಎಂದು ಒಬ್ಬರೂ ಕೇಳಲಿಲ್ಲ. ಯೋಹಾನ್ ಗಾಡಿಯ ಮೇಲೆ ಹತ್ತಿ ಹುಲ್ಲು ತುಳಿದು ಕೂರಿಸುತ್ತಿದ್ದರು. ನಾನು ಕುಂಟೆ ಎಳೆದೆ. ಅಂಗೈ ಬೊಬ್ಬೆ ಎದ್ದಿತು, ಮಡಿಸಿದ್ದ ಪ್ಯಾಂಟು ಬಿಚ್ಚಿ ಕಾಲಿಗೆ ತೊಡರಿ ಎರಡು ಸಲ ಬಿದ್ದೆ. ಕೊನೆಯ ಗಾಡಿ ಅಂಗಳಕ್ಕೆ ಬರುವಷ್ಟರಲ್ಲಿ ಮಳೆ ಹನಿಯಿತು. ಕೆಳಗಿನ ಮೂಲೆಯ ಹುಲ್ಲು ನೆನೆದೇ ಹೋಯಿತು. ಉಳಿದದ್ದು ಉಳಿಯಿತು.

ಸಂಜೆ ಯೋಹಾನ್ ಮತ್ತು ನಾನು ಕೊಟ್ಟಿಗೆಯಲ್ಲಿ ಬಿಸಿನೀರಿಟ್ಟುಕೊಂಡು ಫಿಲ್ಟರ್ ತೊಳೆಯಲು ಕೂತೆವು. ಅವರು ಆ ಬಿಳಿ ಗಟ್ಟಿಯನ್ನು ಬೆರಳಲ್ಲಿ ತೆಗೆದು ತಿಕ್ಕಿ ನೋಡಿದರು, ಮೂಸಿದರು. ಆಮೇಲೆ ತಮ್ಮ ಹಳೆಯ ಬೂಟು ಎಳೆದುಕೊಂಡು ಅದರ ಚರ್ಮಕ್ಕೆ ನಿಧಾನವಾಗಿ ಉಜ್ಜತೊಡಗಿದರು. ಬಿರಿದಿದ್ದ ಚರ್ಮ ಕಣ್ಣೆದುರೇ ಮೆತ್ತಗಾಯಿತು. ತೃಪ್ತಿಯಿಂದ ಮಗಳಿಗೆ ಏನೋ ಹೇಳಿದರು.

"ಎಣ್ಣೆ ಒಳ್ಳೆಯದೇ, ಕಳಿಸಿದ ಜಾಗ ತಪ್ಪು ಅನ್ನುತ್ತಿದ್ದಾರೆ" ಎಂದರು ಹರ್ಮೀನಾ.

ನನಗೆ ಅಳು ಬಂತು. ಹಾಗೇ ನಗುವೂ ಬಂತು.

ಮಾರನೆಯ ದಿನ ಮಳೆ ತೆರವಾಗಿ ಬಿಸಿಲು ಬಂತು. ಹರ್ಮೀನಾ ತಾವಾಗಿಯೇ ಉಳಿದಿದ್ದ ಅರ್ಧ ಕ್ಯಾನು ಹೊಂಗೆಯನ್ನು ತಂದರು. ಬೇಡವೆಂದೆ. "ಅದರದೇನು ತಪ್ಪು?" ಎಂದರು. ಆ ಎಣ್ಣೆಯಲ್ಲಿ ಟ್ರ್ಯಾಕ್ಟರ್ ಅಂಗಳ ಸುತ್ತಿತು, ದಿಬ್ಬ ಹತ್ತಿ ಇಳಿಯಿತು. ಒಮ್ಮೆಯೂ ಕೆಮ್ಮಲಿಲ್ಲ. ನಾಯಿ ಮಾತ್ರ ಆ ದಿನವೆಲ್ಲ ಹೊರಗೆ ಬರಲಿಲ್ಲ.

ಊರ ಗಾಣ

ಕೊನೆಯ ದಿನ ಊರಿನ ಗಾಣದಲ್ಲಿ ಸಭೆ. ರಂಗಪ್ಪನವರ ಮಿಲ್ಲಿನಷ್ಟೇ ಜಾಗ, ಆದರೆ ನೆಲದ ಮೇಲೆ ಊಟ ಬಡಿಸಬಹುದು, ಅಷ್ಟು ಚೊಕ್ಕಟ. ಸಾಲಾಗಿ ಡ್ರಮ್ಮುಗಳು, ಒಂದೊಂದರ ಮೇಲೂ ಬೀಜದ ಹೆಸರು ಸೀಮೆಸುಣ್ಣದಲ್ಲಿ. ಹಿಂಡಿದ ಮೇಲೆ ಉಳಿದ ಹಿಂಡಿ ದನಗಳಿಗೆ. ಏನೂ ಪೋಲಾಗುವುದಿಲ್ಲ, ಯಾರೂ ಅದನ್ನು ದೊಡ್ಡದು ಮಾಡಿ ಹೇಳುವುದೂ ಇಲ್ಲ. ಅವರ ಈ ಗುಣಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಹೊಂಗೆಯ ಮೇಲೆ ಉಪನ್ಯಾಸ ಬರೆದುಕೊಂಡು ಹೋಗಿದ್ದೆ. ಅದನ್ನು ಮಡಿಸಿಟ್ಟು ಹುಲ್ಲಿನ ದಿನದ ಕಥೆಯನ್ನೇ ಹೇಳಿದೆ. ಹರ್ಮೀನಾ ಅನುವಾದ ಮಾಡಿದರು. ಮುಗಿದ ಮೇಲೆ ಯೋಹಾನ್ ಎದ್ದು ನಿಂತರು. ಅವರು ಸಭೆಯಲ್ಲಿ ಮಾತಾಡುವುದೇ ಅಪರೂಪವಂತೆ, ಎಲ್ಲರೂ ತಿರುಗಿ ನೋಡಿದರು.

"ನಿಮ್ಮ ಆ ಹಳ್ಳಿಯವರು ಏನು ಹಾಕಬೇಕು ಅನ್ನುತ್ತಾರೆ?"

ಹರ್ಮೀನಾ ಅದನ್ನು ಇಂಗ್ಲಿಷಿಗೆ ತಂದು ನನ್ನ ಮುಖ ನೋಡಿದರು. ನಾನು ಆ ಹಳ್ಳಿಗೆ ಎರಡು ಸಲ ಹೋಗಿದ್ದೆ. ಪರೀಕ್ಷೆಗೆಂದು ಮಣ್ಣು ತಂದಿದ್ದೆ, ನೀರು ತಂದಿದ್ದೆ. ಯಾರನ್ನೂ ಕೇಳಿರಲಿಲ್ಲ. "ಗೊತ್ತಿಲ್ಲ" ಎಂದೆ. ಯೋಹಾನ್ ತಲೆಯಾಡಿಸಿ ಕೂತರು. ಆಕ್ಷೇಪಣೆ ಏನೂ ಇರಲಿಲ್ಲ ಆ ಮುಖದಲ್ಲಿ. ವಿಮಾನದಲ್ಲಿ ಇಡೀ ದಾರಿ ನನಗೆ ಆ ಮುಖವೇ ಕಂಡಿತು.

ಮಾಗಡಿ ದಾರಿ

ಆ ಹಳ್ಳಿಯ ಪಂಪು ಮರುವರ್ಷ ಓಡಿತು. ಆಗಾಗ ಕೆಟ್ಟಿತು, ರಂಗಪ್ಪನವರೇ ಹೋಗಿ ಎಣ್ಣೆ ಸೋಸುವುದನ್ನು ಹೇಳಿಕೊಟ್ಟು ಬಂದರು. ಮತ್ತೆ ಓಡಿತು. ಇದೆಲ್ಲ ಆದದ್ದು, ನಾನು ವಾಪಸು ಬಂದ ಮೇಲಿನ ಎರಡನೆಯ ಭಾನುವಾರ ನಡೆದ ಒಂದು ಮಾತಿನಿಂದ.

ಅಂದು ಸಂಸ್ಥೆಯವರು ಆ ಹಳ್ಳಿಯ ಶಾಲೆಯ ಜಗಲಿಯ ಮೇಲೆ ಹೆಂಗಸರನ್ನು ಕೂಡಿಸಿದ್ದರು. ನಾನು ನೋಟ್‌ಬುಕ್ಕು ಬಿಚ್ಚಿ, "ನಿಮ್ ಹೊಲ್ದಲ್ಲಿ, ಬದುವಲ್ಲಿ, ಹಿತ್ತಲಲ್ಲಿ ಎಣ್ಣೆ ಬರೋ ಅಂಥದ್ದು ಏನೇನಿದೆ ಹೇಳ್ತೀರಾ?" ಎಂದು ಕೇಳಿದೆ. ಅವರಲ್ಲಿ ಹಿರಿಯರಾದ ಗೌರಮ್ಮ ಎನ್ನುವವರು ಸೆರಗು ಸರಿಮಾಡಿಕೊಂಡು, "ನೀವು ಓದಿರೋರು ಕಣವ್ವ. ನೀವ್ ಯೋಳಿದ್ ಗಿಡ ನೆಡ್ತೀವಿ, ಅಷ್ಟೆಯ" ಎಂದರು. ಗಿಡದ ಹೆಸರು ಹೇಳಿಸಿಕೊಂಡು ಬೇಗ ಮನೆಗೆ ಹೋಗುವ ಆತುರ ಎಲ್ಲರ ಮುಖದಲ್ಲೂ ಇತ್ತು.

ಬೇರೇನೂ ತೋಚದೆ ಹುಲ್ಲಿನ ದಿನದ ಕಥೆ ಹೇಳಿದೆ. ಸೀರೆಗೆ ಎಣ್ಣೆ ಸೋರಿದ್ದು, ಪ್ಯಾಂಟು ಹಾಕಿದ್ದು, ಹಿಪ್ಪೆ ಬೆರೆಸಿದ್ದು, ಟ್ರ್ಯಾಕ್ಟರ್ ನಿಂತದ್ದು, ಮಳೆ ಬಂದದ್ದು, ಒಂದನ್ನೂ ಮುಚ್ಚಿಡದೆ.

ಗೌರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ನಗು ತಡೆಯಲಾಗದೆ ಭುಜ ಕುಲುಕುತ್ತಿತ್ತು. "ಅಯ್ಯೋ ನಮ್ಮವ್ವ! ಹಿಪ್ಪೆ ಎಣ್ಣೇನ ಚಳಿ ದೇಸಕ್ ಒಯ್ದ್ರಾ? ನಮ್ಮನ್ ಒಂದ್ ಮಾತು ಕೇಳಿದ್ರೆ ಯೋಳ್ತಿದ್ವಲ್ಲ!"

ಜಗಲಿಯಿಡೀ ನಗೆ. "ಆವಮ್ಮ ನಿಮಗ್ ಬೈನಿಲ್ವಾ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

"ಇಲ್ಲ. ಕೈಗೊಂದು ಕುಂಟೆ ಕೊಟ್ರು."

"ಒಳ್ಳೆ ಜನ" ಎಂದರು ಗೌರಮ್ಮ. ನಗು ಇಳಿಯಿತು. ಅವರು ನನ್ನ ಪಕ್ಕಕ್ಕೆ ಸರಿದು ಕೂತು, ನೋಟ್‌ಬುಕ್ಕಿನ ಖಾಲಿ ಹಾಳೆಯ ಮೇಲೆ ಬೆರಳಿಟ್ಟರು. "ಬರ್ಕಳಿ ಮತ್ತೆ. ಬಚ್ಚಲ ನೀರ್ ಹೋಗೋ ಕಡೆ ಹರಳೈತೆ, ಎರಡ್ ತರದ್ದು. ಕೆಂಪ್ ಕಡ್ಡೀದು ಬೇಗ ಬಿರೀತದೆ, ಅದ್ನ ಮೊದ್ಲು ಕುಯ್ಯಬೇಕು. ಬೇಲೀಲಿ ಹೊಂಗೆ ಐತೆ, ಅದು ಒಂದ್ ವರ್ಸ ಬಿಟ್ರೆ ಇನ್ನೊಂದ್ ವರ್ಸ ಕೈಕೊಡ್ತದೆ, ಅದೊಂದನ್ನೇ ನಂಬ್ಕಂಡು ಕೂರಂಗಿಲ್ಲ. ಅದರ ಮಗ್ಗುಲಿಗೆ ಬೇವು..."

ನಾನು ಬರೆಯುತ್ತಾ ಹೋದೆ. ಹಾಳೆ ತಿರುವಿದೆ, ಮತ್ತೊಂದು ಹಾಳೆ ತಿರುವಿದೆ. ಗೌರಮ್ಮ ಇನ್ನೂ ತಮ್ಮ ಹಿತ್ತಲನ್ನೇ ದಾಟಿರಲಿಲ್ಲ.